ಚಾಲಕರ ವಾಕ್‌ಮನ್‌ನಿಂದ ಸಿಬ್ಬಂದಿಯ ಎದೆಬಡಿತ ಇಳಿಯುತ್ತಿರುವ ಬಗ್ಗೆ

ಸಂಖ್ಯೆ: ನಾಡಿ/ಕೈಪಟ್ಟಿ/ಹಾಡು/೭

ವಿಷಯ: ಅನುಮತಿಯಿಲ್ಲದೆ ಎದೆ ಹಗುರ ಮಾಡಿಕೊಳ್ಳುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ: (೧) ಎಲ್ಲರೂ ಆರೋಗ್ಯವಾಗಿರತಕ್ಕದ್ದೆಂಬ ಹಿಂದಿನ ಆದೇಶ. (೨) ಸದರಿ ಆದೇಶ ಓದಿ ಹಾಸಿಗೆ ಹಿಡಿದ ಟೈಪಿಸ್ಟರ ರಜೆ ಅರ್ಜಿ (ತಿರಸ್ಕರಿಸಲಾಗಿದೆ).

ಹಿಂದೆ ಜೇಬಿನ ಸಾಧನ ಹಾಡುತ್ತಿತ್ತು, ಮನುಷ್ಯ ಕೇಳುತ್ತಿದ್ದ. ಕಾಲಕ್ರಮೇಣ ಸಾಧನವು ಜೇಬಿನಿಂದ ಮಣಿಕಟ್ಟಿಗೆ ಬಡ್ತಿ ಹೊಂದಿದ್ದು, ಈಗ ಮನುಷ್ಯನ ಎದೆ ಬಡಿಯುತ್ತದೆ, ಸಾಧನ ಕೇಳುತ್ತದೆ. ಇದನ್ನು ಪ್ರಗತಿಯೆಂದು ಪರಿಗಣಿಸಲಾಗಿದೆ.

ಹೀಗಿರುವಾಗ, ಬೆಳಗಿನ ಹಾಜರಾತಿಯಲ್ಲಿ ಎದೆಬಡಿತ ಎಣಿಸುವ ಈ ಕೈಪಟ್ಟಿ ತೋರಿಸುವ ಮುನ್ನ ಸಿಬ್ಬಂದಿಯು ಕಚೇರಿ ಜೀಪಿನ ಹಿಂದೆ ಸಾಲುಗಟ್ಟಿ, ಚಾಲಕರ ಹಳೆಯ ವಾಕ್‌ಮನ್‌ನಲ್ಲಿ ತಲಾ ಒಂದು ಚರಣ ಕೇಳಿ ಬರುತ್ತಿರುವುದು ಪತ್ತೆಯಾಗಿದೆ. ವಿಚಾರಿಸಲಾಗಿ ಚಾಲಕರು, "ಸಾಹೇಬ್ರು ಮೀಟಿಂಗ್ ಮುಗಿಸಿ ಬರೋತನಕ ಜೀಪಲ್ಲೇ ಕೂತಿರ್ತೀನಿ ಸಾರ್. ಹಾಡು ಕೇಳಿದ್ರೆ ಎದೆ ಹಗುರ ಆಗುತ್ತೆ. ಪಾಪ, ಇವ್ರಿಗೂ ಆಗ್ಲಿ ಅಂತ ಕೊಟ್ಟೆ" ಎಂದಿದ್ದು, ಇದನ್ನು ತಪ್ಪೊಪ್ಪಿಗೆಯೆಂದು ಸ್ವೀಕರಿಸಲಾಗಿದೆ. ಆದುದರಿಂದ:

೧. ವಾಕ್‌ಮನ್, ಅದರೊಳಗಿನ ಕ್ಯಾಸೆಟ್ ಹಾಗೂ ಸಿಕ್ಕಾದ ಸುರುಳಿಯನ್ನು ಸುತ್ತುವ ಪೆನ್ಸಿಲ್, ಈ ಮೂರನ್ನೂ ಜಪ್ತಿ ಮಾಡಿ ಅಧೀಕ್ಷಕರ ಸುಪರ್ದಿಗೆ ಒಪ್ಪಿಸಲಾಗಿದೆ.

೨. ಎದೆ ಹಗುರ ಮಾಡಿಕೊಳ್ಳಬಯಸುವವರು ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ಅನುಮತಿಗೆ ಕಾಯುವಾಗ ಎದೆ ಡವಗುಟ್ಟಿದಲ್ಲಿ ಅರ್ಜಿದಾರರೇ ಹೊಣೆ.

೩. ಮನಸ್ಸಿನೊಳಗೆ ಗುನುಗುವುದನ್ನೂ ನಿಷೇಧಿಸಲಾಗಿದೆ. ತಲೆ ಅಲ್ಲಾಡಿಸುವವರನ್ನು ಗುರುತಿಸಲು ಜವಾನರಿಗೆ ಸೂಚಿಸಲಾಯಿತು. ಜವಾನರು ತಲೆ ಅಲ್ಲಾಡಿಸಿ ಒಪ್ಪಿದ್ದು, ಅವರಿಂದಲೂ ವಿವರಣೆ ಕೇಳಲಾಗಿದೆ. ಕುಂಬಳಕಾಯಿ ಕಳ್ಳನೆಂದೊಡನೆ ಹೆಗಲು ಮುಟ್ಟಿ ನೋಡಿಕೊಂಡವರ ಹೆಸರುಗಳನ್ನು ಪ್ರತ್ಯೇಕವಾಗಿ ಕಳುಹಿಸತಕ್ಕದ್ದು.

೪. ಜಪ್ತಿಯಾದಂದಿನಿಂದ ಚಾಲಕರ ಎದೆಬಡಿತ ಏರುತ್ತಿರುವುದನ್ನು ಕೈಪಟ್ಟಿ ವರದಿ ಮಾಡಿದೆ. ಕಾರಣ ತಿಳಿದುಬಂದಿಲ್ಲ. ಬಡಿತ ಇಳಿಯುವವರೆಗೆ ಅವರು ಜೀಪನ್ನು ಮುಟ್ಟಬಾರದೆಂದು ಈ ಮೂಲಕ ಸೂಚಿಸಲಾಗಿದೆ. ವಾರದೊಳಗೆ ಇಳಿಯದಿದ್ದಲ್ಲಿ, ಅವರ ಆರೋಗ್ಯದ ಹಿತದೃಷ್ಟಿಯಿಂದ ಅವರನ್ನು ನೌಕರಿಯಿಂದ ತೆಗೆಯಲಾಗುವುದು.

೫. ವಾಕ್‌ಮನ್ ಸುಸ್ಥಿತಿಯಲ್ಲಿದೆಯೆಂದು ಖಚಿತಪಡಿಸಿಕೊಳ್ಳಲು ಅಧೀಕ್ಷಕರು ದಿನವೂ ಊಟವಾದ ಮೇಲೆ, ಕದ ಹಾಕಿಕೊಂಡು, ಕ್ಯಾಸೆಟ್ಟಿನ ಎರಡೂ ಮಗ್ಗುಲನ್ನು ಕೇಳತಕ್ಕದ್ದು. ಅಧೀಕ್ಷಕರ ಎದೆಬಡಿತ ಸದ್ಯ ಇಲಾಖೆಯಲ್ಲೇ ಅತಿ ಶಾಂತವಾಗಿದ್ದು, ಎಲ್ಲರೂ ಅವರನ್ನು ನೋಡಿ ಕಲಿಯತಕ್ಕದ್ದು.

ಸಹಿ/-
ಅಧೀಕ್ಷಕರು
(ಕರೆದದ್ದು ಕಿವಿಗೆ ಬೀಳದ ಕಾರಣ ತಡವಾಗಿ ಸಹಿ ಮಾಡಲಾಗಿದೆ)

ಪ್ರತಿಗಳು:
೧. ಟೈಪಿಸ್ಟ್ ಅಕ್ಕನವರಿಗೆ, ಇದನ್ನು ಟೈಪ್ ಮಾಡುವಾಗ ನಿಟ್ಟುಸಿರು ಬಿಟ್ಟಿದ್ದಕ್ಕೆ ವಿವರಣೆ ಕೋರಿ.
೨. ಚಾಲಕರ ಹೆಂಡತಿಗೆ, ಒಂದು ವಾರ ಗಂಡನೊಡನೆ ಮೆಲ್ಲಗೆ ಮಾತನಾಡುವಂತೆ ಕೋರಿ.
೩. ಕಚೇರಿ ಕಡತಕ್ಕೆ.
೪. ಚಾಲಕರಿಗೆ. ಓದುವಾಗ ಕೈಪಟ್ಟಿ ಕಟ್ಟಿಕೊಂಡಿರತಕ್ಕದ್ದು.