ಮೇಲಿನ ಮಹಡಿಯ ಎರಡನೆಯ ವ್ಯಕ್ತಿ

"ಈ ಸಲ ಷಡ್ಡಕನನ್ನ ನನ್ನ ಅತಿಥಿ ಮಾಡಿಕೊಳ್ಳದೇ ಹೋದ್ರೆ, ನಾನು ವಿಜ್ಞಾನ ಓದಿದವನೇ ಅಲ್ಲ!" ಎಂದು ತಕ್ಕಡಿ ಹಲ್ಲುಜ್ಜುತ್ತಲೇ ಘೋಷಿಸಿದ. ಬಾಯಿ ತುಂಬ ನೊರೆ ಇದ್ದುದರಿಂದ ಘೋಷಣೆಯ ಅರ್ಧ ಭಾಗ ಕನ್ನಡಿಯ ಮೇಲೂ ಉಳಿದರ್ಧ ನೆಲದ ಮೇಲೂ ಬಿತ್ತು. ಹೆಂಡತಿ ನೆಲ ಒರೆಸುವ ಬಟ್ಟೆಯನ್ನು ತಂದು ಅವನ ಭುಜದ ಮೇಲೆ ಹಾಕಿ ಹೋದಳು.

ತಕ್ಕಡಿ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಣ್ಣ ತಯಾರಿಸುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವನು ಮೇಲ್ವಿಚಾರಕ. ತೂಗದೆ ಏನನ್ನೂ ನಂಬದವನು. ಮನೆಯಲ್ಲಿ ಸಕ್ಕರೆ ಹಾಕುವಾಗಲೂ ಚಮಚೆಯ ತಲೆಯನ್ನು ಚಾಕುವಿನಿಂದ ಸವರಿ ಸಮ ಮಾಡುತ್ತಾನೆ. ಮದುವೆಯಾದ ಹೊಸದರಲ್ಲಿ ಮಾವನ ಮನೆಯಲ್ಲಿ ಹೀಗೆ ಸವರುವುದನ್ನು ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ನೋಡಿಬಿಟ್ಟ. ಅಂದೇ ನಾಮಕರಣವಾಯಿತು.

ಆ ಷಡ್ಡಕ ಟೈರ್ ವ್ಯಾಪಾರಿ. ಒಳ್ಳೆಯವನು. ತಕ್ಕಡಿಯ ಕಷ್ಟವೇ ಅದು! ಕೆಟ್ಟವನಾಗಿದ್ದರೆ ದ್ವೇಷಿಸಿ ಸುಮ್ಮನಿರಬಹುದಿತ್ತು. ಎಲ್ಲಿಗೆ ಹೊರಟರೂ ಷಡ್ಡಕನ ಕಾರು, ಎಲ್ಲಿ ಉಂಡರೂ ಷಡ್ಡಕನ ಔತಣ. ಹೋಟೆಲಿನ ಮಾಣಿಗಳು ಕೂಡ ತಕ್ಕಡಿಯ ಕಡೆ ನೋಡದೆ ನೇರವಾಗಿ ಷಡ್ಡಕನ ಮುಂದೆ ಹೋಗಿ ನಿಲ್ಲುತ್ತಿದ್ದರು. "ಅಯ್ಯೋ, ನೀನು ನಮ್ಮ ಅತಿಥಿ ಕಣಪ್ಪಾ, ಸುಮ್ನೆ ಕೂತ್ಕೋ" ಎಂದು ಷಡ್ಡಕ ಬೆನ್ನು ತಟ್ಟಿದಾಗಲೆಲ್ಲ ತಕ್ಕಡಿಯ ಎತ್ತರ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತ ಬಂದಿತ್ತು.

ಈಗ ಸೇಡು ತೀರಿಸಿಕೊಳ್ಳುವ ಕಾಲ ಕೂಡಿಬಂದಿತ್ತು. ಆಯುಧದ ಹೆಸರು ಟೈಮ್‌ಶೇರ್. ಅಂದರೆ ರೆಸಾರ್ಟಿನ ಒಂದು ಇಟ್ಟಿಗೆಯೂ ನಮ್ಮದಲ್ಲ, ಆದರೆ ವರ್ಷದಲ್ಲಿ ಒಂದಷ್ಟು ದಿನ ಇಡೀ ರೆಸಾರ್ಟೇ ನಮ್ಮದು ಎಂಬ ಭಾವನೆ ಮಾತ್ರ ನಮ್ಮದು. ತಕ್ಕಡಿ ಆ ಭಾವನೆಗೆ ಸದಸ್ಯನಾಗಿ ಬಹಳ ಕಾಲವಾಗಿತ್ತು. ಎಲ್ಲಿಗೂ ಹೋಗದೆ, ರೂಮು ಹಿಡಿಯಲೆಂದು ವರ್ಷ ವರ್ಷ ಸಿಗುವ ಪಾಯಿಂಟುಗಳನ್ನು ಕೂಡಿಟ್ಟಿದ್ದ. ಅವನ್ನೆಲ್ಲ ಒಂದೇ ಏಟಿಗೆ ಸುರಿದು ಕಾನ್ಸಿಯರ್ಜ್ ಲೆವೆಲ್ಲಿನಲ್ಲಿ ರೂಮು ಹಿಡಿದ. ಅದು ಎಲ್ಲಕ್ಕಿಂತ ಮೇಲಿನ ಮಹಡಿ. ಅಲ್ಲಿ ತಂಗಿದವರಿಗೆ ಏನು ಬೇಕು ಎಂದು ಕೇಳುವುದಕ್ಕೇ ಒಬ್ಬರನ್ನು ಇಟ್ಟಿರುತ್ತಾರೆ. ಅವರಿಗೆಂದೇ ಒಂದು ಲೌಂಜ್ ಇರುತ್ತದೆ: ಮೆತ್ತನೆಯ ಸೋಫಾ, ಕಾಫಿ, ಕೇಕು, ಮೆಲುದನಿಯ ಸಂಗೀತ. ಆ ಮಹಡಿಯ ಕಾರ್ಡ್ ಇಲ್ಲದವರಿಗೆ ಲಿಫ್ಟ್ ಕೂಡ ಸೊಪ್ಪು ಹಾಕುವುದಿಲ್ಲ.

ಒಂದೇ ಒಂದು ಕೊರತೆ. ಪಾಯಿಂಟುಗಳೆಲ್ಲ ಸೇರಿ ಅಂಥ ಒಂದು ರೂಮಿಗಷ್ಟೇ ಸಾಕಾದವು. ಅದನ್ನು ಷಡ್ಡಕ ದಂಪತಿಗೆ ಕೊಟ್ಟು, ತಮಗೆ ಒಂದು ಮಹಡಿ ಕೆಳಗೆ ಸಾಧಾರಣ ರೂಮು ಹಿಡಿದ.

"ಭಾವನಿಗೆ ಹೇಳಿದ್ರಾ, ನಮ್ಮದು ಸಾದಾ ರೂಮು ಅಂತ?" ಎಂದಳು ಹೆಂಡತಿ.

"ನಮ್ಮದೂ ಅದೇ ದರ್ಜೆ ಅಂದೆ."

"ಸುಳ್ಳು ಯಾಕ್ರೀ ಹೇಳ್ಬೇಕಿತ್ತು?"

"ಸುಳ್ಳಲ್ಲ. ಒಂದು ಮಹಡಿ ತಾನೇ ವ್ಯತ್ಯಾಸ? ಹತ್ತಿರದ ಪೂರ್ಣಾಂಕಕ್ಕೆ ತಂದು ಹೇಳಿದೆ."

"ಲೌಂಜಿಗೆ ಕರೆದ್ರೆ ಏನು ಮಾಡ್ತೀರಿ?"

ಆ ಪ್ರಶ್ನೆಗೂ ಉತ್ತರ ಇತ್ತು. ರೆಸಾರ್ಟಿನ ನಿಯಮಗಳನ್ನು ಪೂರ್ತಿ ಓದಿದ ಏಕೈಕ ಸದಸ್ಯ ಬಹುಶಃ ಅವನೇ. ಮೇಲಿನ ಮಹಡಿಯವರು ಬೇರೆ ರೂಮಿನವರನ್ನು ತಮ್ಮ ಅತಿಥಿ ಎಂದು ಬಾಗಿಲಲ್ಲಿ ಬರೆಸಿ ಲೌಂಜಿಗೆ ಕರೆದುಕೊಂಡು ಹೋಗಬಹುದು. ಸುಲಭ. ಆದರೆ ಅತಿಥಿ! ತಾನು ಕರೆದುಕೊಂಡು ಬಂದ ಜಾಗದಲ್ಲಿ, ತಾನೇ ಪಾಯಿಂಟು ಸುರಿದ ಲೌಂಜಿನಲ್ಲಿ, ಮತ್ತೆ ಷಡ್ಡಕನ ಅತಿಥಿ! ಅದಕ್ಕಿಂತ ಈಜುಕೊಳದ ಆಳದ ಕಡೆಯಲ್ಲಿ ಇಳಿಯುವುದು ಮೇಲು ಎಂದು ಅವನಿಗೆ ಅನ್ನಿಸಿತು. ಅವನಿಗೆ ಈಜು ಬರುತ್ತಿರಲಿಲ್ಲ.

ರೆಸಾರ್ಟ್ ಮುಟ್ಟಿದ ಸಂಜೆಯೇ ಷಡ್ಡಕನ ಫೋನು ಬಂತು. "ತಕ್ಕಡೀ, ಎಲ್ಲಿದ್ದೀಯಪ್ಪಾ? ಲೌಂಜಿಗೆ ಬಾ. ಒಬ್ನೇ ಕೂತಿದ್ದೀನಿ."

"ಬಂದೆ ಭಾವ, ಇಲ್ಲೇ ಪಕ್ಕದಲ್ಲೇ!"

ಅಕ್ಕ ತಂಗಿಯರು ಆಗಲೇ ಕೆಳಗಿನ ರೂಮಿನ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತಿದ್ದರು. ಯಾರದೋ ಮದುವೆ ಮುರಿದ ಕಥೆ ಅರ್ಧಕ್ಕೆ ಬಂದಿತ್ತು. ಅವರು ತಲೆ ಎತ್ತಿ ನೋಡಲಿಲ್ಲ.

ಲಿಫ್ಟಿನಲ್ಲಿ ತಕ್ಕಡಿ ಮೇಲಿನ ಮಹಡಿಯ ಗುಂಡಿ ಒತ್ತಿದ. ದೀಪ ಹತ್ತಲಿಲ್ಲ. ಮೆಟ್ಟಿಲು ಇದೆಯಲ್ಲ ಎಂದು ಹತ್ತಿಹೋದ. ಮೇಲಿನ ಮಹಡಿಯ ಬಾಗಿಲು ಈ ಕಡೆಯಿಂದ ತೆರೆಯುವಂಥದ್ದಲ್ಲ. ಕೆಳಗಿಳಿದು ನೋಡಿದರೆ ತಾನು ಬಂದ ಬಾಗಿಲೂ ತೆರೆಯಲಿಲ್ಲ. ಬೆಂಕಿ ಬಿದ್ದಾಗ ಜನ ಹೊರಗೆ ಓಡಲಿ ಎಂದು ಮಾಡಿದ ಮೆಟ್ಟಿಲು ಅದು. ಹೊರಗೆ ಬಿಡುತ್ತದೆ, ಒಳಗೆ ಸೇರಿಸುವುದಿಲ್ಲ. ಹೀಗಾಗಿ ತಕ್ಕಡಿ ಬೆಂಕಿಯೇ ಇಲ್ಲದೆ ನೆಲಮಹಡಿಯ ತನಕ ಪಾರಾಗಿ, ಬಟ್ಟೆ ಒಗೆಯುವ ಕೋಣೆಗೆ ಹೊಕ್ಕು, ಒಣಗಿದ ಟವೆಲುಗಳ ರಾಶಿಯನ್ನು ಸೀಳಿಕೊಂಡು ಮತ್ತೆ ಲಾಬಿಗೆ ಬಂದು ಬಿದ್ದ.

ಫೋನು ಮತ್ತೆ ಹೊಡೆದುಕೊಂಡಿತು. "ಪಕ್ಕದಲ್ಲೇ ಅಂದೆಯಲ್ಲೋ?"

"ಬಂದೇ ಬಿಟ್ಟೆ ಭಾವ. ಕಟ್ಟಡ ನೋಡ್ತಾ ಬರ್ತಿದ್ದೀನಿ. ತುಂಬಾ ಭದ್ರವಾಗಿದೆ."

ಅಷ್ಟರಲ್ಲಿ ಈಜುಕೊಳದಿಂದ ಎದ್ದು ಬಂದ ಅಜ್ಜ ಒಬ್ಬರು ನೀರು ಸುರಿಸುತ್ತ ಲಿಫ್ಟ್ ಹೊಕ್ಕರು. ಕಾರ್ಡ್ ಮುಟ್ಟಿಸಿದರು. ಮೇಲಿನ ಮಹಡಿಯ ದೀಪ ಹತ್ತಿತು. ತಕ್ಕಡಿ ಓಡಿಹೋಗಿ ಸೇರಿಕೊಂಡ.

"ನಿಮ್ಮ ಕಾರ್ಡ್ ಎಲ್ಲಿ?" ಎಂದರು ಅಜ್ಜ.

"ಮನೆಯವಳ ಹತ್ರ ಇದೆ."

"ಕೊಟ್ಟುಬಿಟ್ರಾ?" ಅಜ್ಜ ಅವನನ್ನು ಅಡಿಯಿಂದ ಮುಡಿಯವರೆಗೆ ಮರುಕದಿಂದ ನೋಡಿದರು. "ನಾನು ಕೊಡಲ್ಲ. ಸ್ನಾನಕ್ಕೂ ಜೊತೆಗೇ ತಗೊಂಡು ಹೋಗ್ತೀನಿ."

ಲೌಂಜಿನ ಬಾಗಿಲ ಒಳಗೇ ಒಂದು ಮೇಜು, ಅದರ ಮೇಲೊಂದು ಕಂಪ್ಯೂಟರ್, ಅದರ ಹಿಂದೆ ಒಬ್ಬ ಉಸ್ತುವಾರಿ ಹುಡುಗಿ. ಅವಳ ಪಾಳಿ ಮುಗಿದಿತ್ತು. ಚೀಲ ಆಗಲೇ ಹೆಗಲೇರಿತ್ತು.

"ರೂಮ್ ನಂಬರ್, ಸರ್?"

ತಕ್ಕಡಿಯ ತಲೆಯಲ್ಲಿ ಲೆಕ್ಕ ಸರಸರನೆ ಓಡಿತು. ಷಡ್ಡಕನ ರೂಮಿನ ಲೆಕ್ಕದಲ್ಲಿ ಲೌಂಜಿಗೆ ಇಬ್ಬರಿಗೆ ಪ್ರವೇಶ. ಒಬ್ಬ ಒಳಗಿದ್ದಾನೆ. ಇನ್ನೊಬ್ಬರು, ಅಂದರೆ ಅತ್ತಿಗೆ, ಕೆಳಗೆ ಬಾಲ್ಕನಿಯಲ್ಲಿ ಮದುವೆ ಮುರಿಯುತ್ತಿದ್ದಾರೆ. ಒಂದು ಜಾಗ ಖಾಲಿ. ಒಳಗೆ ಹೋಗುವವರ ಒಟ್ಟು ಮೊತ್ತ ಬದಲಾಗುವುದಿಲ್ಲ. ಇಲ್ಲಿ ಸುಳ್ಳೂ ಇಲ್ಲ, ಕಳ್ಳತನವೂ ಇಲ್ಲ; ಇರುವುದು ದ್ರವ್ಯ ನಿತ್ಯತೆಯ ನಿಯಮ!

ಷಡ್ಡಕನ ರೂಮಿನ ನಂಬರ್ ಹೇಳಿದ. "ಅವರು ಒಳಗಿದ್ದಾರೆ. ನಾನು ಆ ರೂಮಿನ ಎರಡನೆಯ ವ್ಯಕ್ತಿ."

ಹುಡುಗಿ ಆಕಳಿಸುತ್ತ, ಕಂಪ್ಯೂಟರಿನಲ್ಲಿ ಆ ರೂಮಿನ ಹೆಸರಿಗೆ ಖಾಲಿ ಉಳಿದಿದ್ದ ಚೌಕವನ್ನು ಒತ್ತಿ, ಮುಂದಿನ ಪಾಳಿಯವಳಿಗೆ ಕುರ್ಚಿ ಬಿಟ್ಟು ಹೊರಟುಹೋದಳು.

"ಬಂದ್ಯಾ ಮಹರಾಯ!" ಷಡ್ಡಕ ಸೋಫಾದಿಂದ ಅರ್ಧ ಎದ್ದ. ದೊಡ್ಡ ದೇಹದ ಆ ಮನುಷ್ಯ ಸೋಫಾದ ಅಂಚಿನಲ್ಲಿ, ದಂತವೈದ್ಯರ ಸರದಿಗೆ ಕಾದವನಂತೆ ಕೂತಿದ್ದ. "ಏನೋ ಇದು, ಮೈಯೆಲ್ಲ ಟವೆಲ್ ದಾರ?"

"ಗಾಳಿ ಜಾಸ್ತಿ ಇತ್ತು ಭಾವ. ಕಾಫಿ ಆಯ್ತಾ?"

ಷಡ್ಡಕ ಧ್ವನಿ ತಗ್ಗಿಸಿದ. "ಆ ಮಿಷನ್ ಹತ್ರ ಹೋದೆ ಕಣೋ. ಎಷ್ಟೊಂದು ಗುಂಡಿ! ಯಾವುದು ಒತ್ತಿದ್ರೂ ಬಿಸಿನೀರೇ ಬರ್ತದೆ. ಕೇಳೋಕೆ ನಾಚಿಕೆ. ಆಗಿನಿಂದ ಬಿಸಿನೀರೇ ಕುಡೀತಾ ಇದ್ದೀನಿ."

ತಕ್ಕಡಿಯ ಎದೆ ಉಬ್ಬಿತು. ಎಂಥ ಗಳಿಗೆ! ಅವನು ಎದ್ದ. ದಿನವಿಡೀ ಪ್ರಯೋಗಾಲಯದ ಯಂತ್ರಗಳ ಜೊತೆ ಬಾಳುವೆ ಮಾಡುವವನಿಗೆ ಕಾಫಿ ಮಿಷನ್ ಯಾವ ಲೆಕ್ಕ? ನೊರೆ ತುಂಬಿದ ಎರಡು ಕಪ್ಪು, ತಟ್ಟೆಯಲ್ಲಿ ಎರಡು ತುಂಡು ಚಾಕೊಲೇಟ್ ಕೇಕು ತಂದು ಷಡ್ಡಕನ ಮುಂದಿಟ್ಟ. "ತಗೊಳ್ಳಿ ಭಾವ. ಸಂಕೋಚ ಬೇಡ. ನೀವು ನಮ್ಮ ಅತಿಥಿ!"

"ಭೇಷ್! ಏನೇ ಹೇಳು, ಓದಿದವರು ಓದಿದವರೇ" ಎಂದ ಷಡ್ಡಕ, ನೊರೆಯ ಮೀಸೆ ಒರೆಸಿಕೊಳ್ಳುತ್ತ.

ಮದುವೆಯಾದ ದಿನದಿಂದ ಕಾದ ಮಾತು ಅದು. ತಕ್ಕಡಿ ಸೋಫಾಕ್ಕೆ ಬೆನ್ನು ಕೊಟ್ಟು ಕಾಲ ಮೇಲೆ ಕಾಲು ಹಾಕಿದ. ಸಾಮ್ರಾಟರು ಹೀಗೇ ಕೂರುತ್ತಿದ್ದಿರಬೇಕು. ಅವರ ಸಾಮ್ರಾಜ್ಯಗಳೂ ಹೀಗೇ ಬಾಗಿಲ ಕಡೆಯಿಂದಲೇ ಕುಸಿಯುತ್ತಿದ್ದಿರಬೇಕು.

ಯಾಕೆಂದರೆ ಬಾಗಿಲ ಬಳಿ ಅತ್ತಿಗೆಯ ದನಿ ಕೇಳಿಸಿತು. ಕಥೆ ಮುಗಿದು ಕಾಫಿಯ ನೆನಪಾಗಿ, ತಮ್ಮ ಕಾರ್ಡ್ ಹಿಡಿದು ತಂಗಿಯ ಜೊತೆ ಮೇಲೆ ಬಂದಿದ್ದರು.

"ಸಾರಿ ಮೇಡಂ" ಎನ್ನುತ್ತಿದ್ದಳು ಹೊಸ ಪಾಳಿಯವಳು. "ಆ ರೂಮಿನ ಇಬ್ಬರೂ ಆಗಲೇ ಒಳಗಿದ್ದಾರೆ."

"ಇಬ್ಬರು ಯಾರಮ್ಮಾ?"

"ಸರ್ ಇದ್ದಾರೆ. ಅವರ ಮಿಸೆಸ್ ಇದ್ದಾರೆ."

ಅತ್ತಿಗೆ ಕಾರ್ಡನ್ನು ಮೇಜಿನ ಮೇಲೆ ಕುಕ್ಕಿದರು.

"ಏನಂದೆ?"

"ಅವರ ಮಿಸೆಸ್ ಈಗ ಸ್ವಲ್ಪ ಹೊತ್ತಿನ ಮುಂಚೆ ಬಂದ್ರು, ಮೇಡಂ. ಇಲ್ಲಿ ತೋರಿಸ್ತಿದೆ."

ಆಕಳಿಸಿದ ಹುಡುಗಿ ಒತ್ತಿದ ಚೌಕದ ಮುಂದೆ ಏನು ಬರೆದಿತ್ತೆಂದು ತಕ್ಕಡಿಗೆ ಆಗ ಹೊಳೆಯಿತು. ಲೆಕ್ಕ ಸರಿಯಾಗಿಯೇ ಇತ್ತು. ಲಿಂಗ ಒಂದನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ.

"ಕೇಳಿದ್ಯೇನೆ?" ಅತ್ತಿಗೆಯ ದನಿ ಒಂದೊಂದೇ ಮಹಡಿ ಏರತೊಡಗಿತು. "ಬೆಳಗ್ಗೆಯಿಂದ ಲೌಂಜು ಲೌಂಜು ಅಂತ ಕುಣೀತಿದ್ರು. ಬಾ ಅಂತ ನನ್ನನ್ನ ಒಂದು ಸಲ ಕರೀಲಿಲ್ಲ. ಇದಕ್ಕಾ? ಟೈರ್ ಮಾರ್ತಾ ಮಾರ್ತಾ ಸ್ಟೆಪ್ನಿ ಇಟ್ಟುಕೊಂಡ್ರಾ?"

"ಅಕ್ಕಾ, ಭಾವ ಅಂಥವರಲ್ಲ ಕಣೇ" ಎಂದಳು ತಕ್ಕಡಿಯ ಹೆಂಡತಿ. "ಮೊದಲು ನೋಡೋಣ ನಡಿ."

"ಮೇಡಂ, ಮೇಡಂ, ಒಳಗೆ ಹಾಗೆಲ್ಲ..."

ಅತ್ತಿಗೆ ಒಳಗೆ ಬಂದಾಗಿತ್ತು. ಷಡ್ಡಕ ಕೇಕಿನ ಚಮಚೆಯನ್ನು ಬಾಯಲ್ಲೇ ಬಿಟ್ಟು ಎದ್ದು ನಿಂತ.

"ಎಲ್ಲಿ ಅವಳು?"

"ಯಾರು?"

"ನಿಮ್ಮ ಮಿಸೆಸ್ಸು!"

ಷಡ್ಡಕ ಚಮಚೆ ತೆಗೆದು, ಹೆಂಡತಿಯನ್ನು ಎರಡು ಸಲ ನೋಡಿ, ಹೆದರುತ್ತ ಹೇಳಿದ. "ನೀನೇ ಅಲ್ವೇನೇ?"

"ನನ್ನ ಒಳಗೇ ಬಿಡ್ತಿಲ್ಲ! ನಿಮ್ಮ ಹೆಂಡತಿ ಆಗಲೇ ಬಂದು ಕೂತಿದ್ದಾಳಂತೆ!"

ಷಡ್ಡಕ ಸೋಫಾದ ಹಿಂದೆ ಬಗ್ಗಿ ನೋಡಿದ. ಪಾಪ, ಅಲ್ಲಿ ನಿಜವಾಗಿಯೂ ಯಾರಾದರೂ ಇರಬಹುದೇನೋ ಎಂದು ಅವನಿಗೇ ಅನುಮಾನ ಬಂದಿತ್ತು. ಲೌಂಜಿನಲ್ಲಿದ್ದವರೆಲ್ಲ ಓದುತ್ತಿದ್ದ ಪತ್ರಿಕೆಗಳನ್ನು ಕೆಳಗಿಳಿಸಿದರು. ಒದ್ದೆ ಅಜ್ಜ ಬಟ್ಟೆ ಬದಲಿಸಿ ಬಂದು ಮುಂದಿನ ಸಾಲಿನ ಕುರ್ಚಿ ಹಿಡಿದಿದ್ದರು.

ಬಾಯಿ ಮುಚ್ಚಿಕೊಂಡಿದ್ದರೆ ಒಂದು ಸಂಸಾರ ಹೋಗುತ್ತದೆ. ಬಾಯಿ ಬಿಟ್ಟರೆ ತನ್ನ ಮಾನ ಹೋಗುತ್ತದೆ. ತಕ್ಕಡಿ ಎರಡನ್ನೂ ತೂಗಿದ. ಮೊದಲನೆಯದೇ ಭಾರವಾಗಿತ್ತು. ಅವನು ಕೇಕಿನ ತಟ್ಟೆ ಕೈಯಲ್ಲಿ ಹಿಡಿದೇ ಎದ್ದು ನಿಂತ.

"ಅತ್ತಿಗೆ... ಅದು ನಾನು."

"ನೀವು ಏನು?"

"ಭಾವನ ಮಿಸೆಸ್."

ಯಾರೂ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು. ಅವನು ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದ: ಸಾಲದೆ ಹೋದ ಪಾಯಿಂಟು, ಸಾದಾ ರೂಮು, ಮೆಟ್ಟಿಲು, ಟವೆಲು, ಅಜ್ಜ, ಖಾಲಿ ಚೌಕ. ಪ್ರಯೋಗದ ವರದಿಯ ಹಾಗೆ ಉದ್ದೇಶ, ವಿಧಾನ, ಫಲಿತಾಂಶ ಕ್ರಮವಾಗಿ ಬಂದವು.

"ಅಲ್ಲಯ್ಯಾ" ಎಂದ ಷಡ್ಡಕ, ಸೋಫಾದಲ್ಲಿ ಕುಸಿಯುತ್ತ, "ಅತಿಥಿ ಅಂತ ಹೆಸರು ಹಾಕಿಸಿ ನಾನೇ ಕರ್ಕೊಂಡು ಬರ್ತಿದ್ನಲ್ಲೋ! ಬಾಗಿಲಲ್ಲೇ ಆ ಹುಡುಗಿ ನನಗೆ ಹೇಳಿದ್ಲು."

"ಅದು ಇವರಿಗೂ ಗೊತ್ತಿತ್ತು ಭಾವ" ಎಂದಳು ತಕ್ಕಡಿಯ ಹೆಂಡತಿ. "ನಿಮ್ಮ ಅತಿಥಿಯಾಗಿ ಬರೋಕೆ ಇವರಿಗೆ ಮರ್ಯಾದೆ ಅಡ್ಡ ಬಂತು. ಅದಕ್ಕೇ ಹೆಂಡತಿಯಾಗಿ ಬಂದಿದ್ದಾರೆ."

ಮೊದಲು ನಕ್ಕವರು ಅತ್ತಿಗೆ. ಆಮೇಲೆ ಅಜ್ಜ. ಷಡ್ಡಕನಂತೂ ನಕ್ಕು ನಕ್ಕು ಬಿಸಿನೀರು ಬೇಕೆಂದು ಕೈಸನ್ನೆ ಮಾಡಿದ. ತಕ್ಕಡಿಯೇ ಹೋಗಿ ತಂದುಕೊಟ್ಟ.

ಹೊಸ ಪಾಳಿಯವಳು ಮಾತ್ರ ಕಂಪ್ಯೂಟರ್ ಮುಂದೆ ಕೈ ಕಟ್ಟಿ ನಿಂತಿದ್ದಳು. ಅವಳ ಸಮಸ್ಯೆ ಇನ್ನೂ ಬಗೆಹರಿದಿರಲಿಲ್ಲ. "ಮೇಡಂ ಅವರನ್ನ ಮಿಸೆಸ್ ಅಂತ ಸರಿ ಮಾಡಿದ್ದೀನಿ. ಸರ್, ನಿಮ್ಮನ್ನ ಏನಂತ ಹಾಕ್ಲಿ?"

ಲೌಂಜಿಗೆ ಲೌಂಜೇ ತಕ್ಕಡಿಯನ್ನು ನೋಡಿತು. ಅವನು ಷಡ್ಡಕನನ್ನು ನೋಡಿದ, ನೆಲ ನೋಡಿದ, ಕೈಯಲ್ಲಿದ್ದ ಕೇಕು ನೋಡಿದ.

"ಅತಿಥಿ ಅಂತಲೇ ಹಾಕಮ್ಮಾ."

ಅವಳು ಒತ್ತಿದಳು. ಅಚ್ಚುಕಟ್ಟಾಗಿ ನಡೆದುಬಂದು, ಅವನ ಕೈಯಲ್ಲಿದ್ದ ತಟ್ಟೆಯನ್ನು ಬಹಳ ವಿನಯದಿಂದ ತೆಗೆದುಕೊಂಡಳು.

"ಕ್ಷಮಿಸಿ ಸರ್. ಅತಿಥಿಗಳಿಗೆ ಚಹಾ ಬಿಸ್ಕತ್ತು ಮಾತ್ರ. ಕೇಕು ರೂಮಿನವರಿಗಷ್ಟೇ."

ಹೆಂಡತಿ ಅವನ ಶರ್ಟಿಗೆ ಅಂಟಿದ್ದ ಟವೆಲಿನ ದಾರವನ್ನು ಒಂದೊಂದಾಗಿ ಬಿಡಿಸುತ್ತ, ಅವನಿಗೆ ಮಾತ್ರ ಕೇಳುವ ಹಾಗೆ ಅಂದಳು.

"ಹೆಂಡತಿಯಾಗೇ ಇದ್ದಿದ್ರೆ ಕೇಕಾದ್ರೂ ಸಿಕ್ತಿತ್ತಲ್ರೀ."