ಖಂಡನೆ ಬೇಡ, ಕಳವಳ ಸಾಕು

ಅಧ್ಯಕ್ಷರು: 'ಖಂಡಿಸುತ್ತೇವೆ' ಅನ್ನೋದು ಬೇಡ ಕಣ್ರೀ. ತುಂಬಾ ಖಾರ ಆಯ್ತು.

ಸಿಇಒ: 'ಬಲವಾಗಿ' ಅನ್ನೋದನ್ನ ಆಗಲೇ ತೆಗೆದಿದೀನಿ ಸರ್. ಇದನ್ನೂ ತೆಗೆದ್ರೆ ವಾಕ್ಯದಲ್ಲಿ ಕ್ರಿಯಾಪದಾನೇ ಉಳಿಯಲ್ಲ.

ಅಧ್ಯಕ್ಷರು: ಕ್ರಿಯೆ ಯಾಕೆ ಬೇಕು? 'ಕಳವಳ' ಅಂತ ಹಾಕಿ ಬಿಡಿ. ಕಳವಳ ಪಟ್ಟರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಡಾಕ್ಟರಮ್ಮ: ಸರ್, ನಾನು ಹೇಳಿಕೆ ಕೇಳೋಕೆ ಬಂದಿಲ್ಲ. ಆಸ್ಪತ್ರೆಗೆ ಒಂದು ಸಲ ಬನ್ನಿ ಅಂತ ಕರೆಯೋಕೆ ಬಂದೆ.

ವೈದ್ಯರ ಸಂಘದ ಕಟ್ಟಡದ ಮೇಲಿನ ಮಹಡಿ. ಬಾಗಿಲ ಮೇಲೆ 'ಹಿರಿಯ ನಾಯಕತ್ವ ತಂಡ' ಅಂತ ಹಿತ್ತಾಳೆ ಫಲಕ. ಒಳಗೆ ಉದ್ದನೆ ಮೇಜು, ಸುತ್ತ ತಿರುಗೋ ಕುರ್ಚಿಗಳು, ಹೆಚ್ಚಿನವು ಖಾಲಿ. ಅಧ್ಯಕ್ಷರು ಮೂಳೆ ಡಾಕ್ಟರು. ರೋಗಿಯ ಕೈ ಹಿಡಿದು ವರ್ಷಗಳಾದವು, ಈಗ ಏನಿದ್ದರೂ ಮೈಕ್ ಹಿಡಿಯುತ್ತಾರೆ. ಸಿಇಒ ಡಾಕ್ಟರಲ್ಲ, ಸೋಪಿನ ಕಂಪನಿಯಿಂದ ಬಂದವರು. ಎದುರಿಗೆ ಕೂತ ಡಾಕ್ಟರಮ್ಮ ದೊಡ್ಡಾಸ್ಪತ್ರೆಯ ತುರ್ತು ವಿಭಾಗದವರು. ಮೊನ್ನೆ ರೋಗಿಯೊಬ್ಬರ ಕಡೆಯವರು ಡ್ರಿಪ್ ನೇತುಹಾಕುವ ಕಂಬಿಯನ್ನೇ ಎತ್ತಿ ಬೀಸಿದ್ದರು. ಅಡ್ಡ ಹಿಡಿದ ಇವರ ಕೈ ಈಗ ಪ್ಲಾಸ್ಟರಿನಲ್ಲಿದೆ. ಒಬ್ಬ ನರ್ಸಿನ ತಲೆಗೂ ಹೊಲಿಗೆ ಬಿದ್ದಿದೆ.

ಅಧ್ಯಕ್ಷರು: ಈ ಪ್ಲಾಸ್ಟರ್ ಯಾರಮ್ಮ ಹಾಕಿದ್ದು? ಹೆಬ್ಬೆರಳ ಹತ್ತಿರ ಬಿಗಿ ಆದ ಹಾಗಿದೆ.

ಡಾಕ್ಟರಮ್ಮ: ಡ್ಯೂಟೀಲಿ ಇದ್ದವರು ಹಾಕಿದ್ರು ಸರ್.

ಅಧ್ಯಕ್ಷರು: ನಮ್ಮ ಕಾಲದಲ್ಲಿ ಹೀಗೆ ಹಾಕ್ತಿರಲಿಲ್ಲ.

ಡಾಕ್ಟರಮ್ಮ: ನಿಮ್ಮ ಕಾಲದಲ್ಲಿ ಹೀಗೆ ಹೊಡೀತಾನೂ ಇರಲಿಲ್ಲ. ಈಗ ನಮ್ಮ ಬಾಗಿಲಲ್ಲಿ ಒಬ್ಬ ಕಾವಲಿನವನೂ ಇಲ್ಲ ಸರ್. ಇದ್ದವರನ್ನೆಲ್ಲ ಆಸ್ಪತ್ರೆಯ ಡೈರೆಕ್ಟರು ತೆಗೆದುಬಿಟ್ರು. ಕೇಳಿದ್ರೆ 'ನೋಡೋಣ' ಅಂತಾರೆ. ಸಂಘದವರು ಬಂದು ಎದುರಿಗೆ ಕೂತರೆ ಹಾಗೆ ಅನ್ನೋಕೆ ಬಾಯಿ ಬರಲ್ಲ. ಅದಕ್ಕೇ ಬಂದೆ.

ಸಿಇಒ: ಮೇಡಂ, ನಿಮ್ಮ ನೋವು ನಮಗೆ ಅರ್ಥ ಆಗುತ್ತೆ. ಆದ್ರೆ ಇದು ಆಪರೇಷನಲ್ ವಿಷಯ.

ಅಧ್ಯಕ್ಷರು: ಆಪರೇಷನ್ನಾ? ಬೇಕಾಗಲ್ಲ. ಮೂಳೆ ತಾನಾಗೇ ಕೂಡಿಕೊಳ್ಳುತ್ತೆ.

ಸಿಇಒ: ಅದಲ್ಲ ಸರ್. ದಿನನಿತ್ಯದ ಕೆಲಸ ನಮ್ಮ ತಂಡದ್ದಲ್ಲ ಅಂದೆ. ನಮ್ಮದೇನಿದ್ರೂ ದಿಕ್ಕು ತೋರಿಸೋದು.

ಡಾಕ್ಟರಮ್ಮ: ಹಾಗಾದ್ರೆ ಆಸ್ಪತ್ರೆ ಆ ದಿಕ್ಕಿನಲ್ಲಿದೆ. ಕಿಟಕಿಯಿಂದ ಕಾಣುತ್ತೆ.

ಇಬ್ಬರೂ ಕಿಟಕಿಯತ್ತ ನೋಡಿದರು. ಸಿಇಒ ಎದ್ದು ಹೋಗಿ ಪರದೆ ಎಳೆದು ಬಂದು ಕೂತರು. ಬಿಸಿಲು ಜಾಸ್ತಿ ಅಂದರು.

ಸಿಇಒ: ನೀವು ನಮ್ಮ ಸಹಾಯವಾಣಿಗೆ ಫೋನ್ ಮಾಡಬಹುದಿತ್ತಲ್ಲ ಮೇಡಂ. ಸದಸ್ಯರಿಗೋಸ್ಕರಾನೇ ಶುರು ಮಾಡಿದ್ದು.

ಡಾಕ್ಟರಮ್ಮ: ಮಾಡಿದೆ. ಮೊದಲು ಕೊಳಲು ಬಂತು. ಆಮೇಲೆ ಒಂದು ಹೆಣ್ಣು ಧ್ವನಿ, 'ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಳ್ಳಿ, ನಿಧಾನವಾಗಿ ಬಿಡಿ' ಅಂತು. ನಾನಾಗ ಔಷಧಿ ಕೋಣೆಯ ಮೇಜಿನ ಕೆಳಗೆ ಅಡಗಿದ್ದೆ. ಹೊರಗೆ ಅವರು ನನ್ನನ್ನೇ ಹುಡುಕ್ತಿದ್ರು. ಉಸಿರು ಬಿಡೋ ಹಾಗೇ ಇರಲಿಲ್ಲ.

ಸಿಇಒ: ಅದು ನಮ್ಮ ಕ್ಷೇಮ ಯೋಜನೆ. ಹೊಸದು. ಐದರಲ್ಲಿ ಎಷ್ಟು ಸ್ಟಾರ್ ಕೊಡ್ತೀರಿ?

ಡಾಕ್ಟರಮ್ಮ ಖಾಲಿ ಕುರ್ಚಿಗಳನ್ನು ಒಂದು ಸಲ ನೋಡಿದರು.

ಡಾಕ್ಟರಮ್ಮ: ನಿಮಗಿಬ್ಬರಿಗೂ ಆಗಲ್ಲ ಅಂದ್ರೆ ತಂಡದಲ್ಲಿ ಬೇರೆಯವರಿದ್ದಾರಲ್ಲ?

ಸಿಇಒ: ಇದಾರೆ. ಸದಸ್ಯರ ಅನುಭವದ ನಿರ್ದೇಶಕರು ಅಂತ ಒಬ್ಬರಿದಾರೆ.

ಡಾಕ್ಟರಮ್ಮ: ಅವರನ್ನೇ ಕಳಿಸಿ. ಒಂದು ದಿನ ನಮ್ಮ ಜೊತೆ ನಿಲ್ಲಲಿ, ಅನುಭವ ಆಗುತ್ತೆ.

ಸಿಇಒ: ಸಮ್ಮೇಳನಕ್ಕೆ ಹೋಗಿದಾರೆ. ವೈದ್ಯರ ಒತ್ತಡದ ಬಗ್ಗೆ. ಸಮುದ್ರದ ಪಕ್ಕ ಹೋಟೆಲು.

ಡಾಕ್ಟರಮ್ಮ: ಉಪಾಧ್ಯಕ್ಷರು?

ಅಧ್ಯಕ್ಷರು: ಅವನ ವಿಷಯ ಎತ್ತಬೇಡಮ್ಮ. ತಂಡದ ಫೋಟೋದಲ್ಲಿ ಹಿಂದಿನ ಸಾಲಲ್ಲಿ ನಿಲ್ಲಿಸಿದೆವು ಅಂತ ಮುನಿಸಿಕೊಂಡು ಕೂತಿದಾನೆ. ಎತ್ತರ ಇದೀಯಪ್ಪ, ಹಿಂದೆ ನಿಂತರೂ ಕಾಣ್ತೀಯ ಅಂದೆ. ಎತ್ತರ ಇದ್ದರೆ ಕೂರಬಾರದು ಅಂತ ಎಲ್ಲಿದೆ ಅಂತ ನನ್ನನ್ನೇ ಕೇಳ್ತಾನೆ. ಇಂಥವನ್ನೆಲ್ಲ ಸಂಭಾಳಿಸೋದು ನಿಮಗೆ ಗೊತ್ತಾಗಲ್ಲ. ಹೊರಗಿನಿಂದ ನೋಡೋರಿಗೆ ನಾಯಕತ್ವ ಅಂದ್ರೆ ಸುಲಭ.

ಡಾಕ್ಟರಮ್ಮ: ಸರ್, ಒಂದು ಮಾತು ನೇರವಾಗಿ ಹೇಳಿಬಿಡಿ. ನಮ್ಮ ಡೈರೆಕ್ಟರನ್ನ ಕೇಳೋಕೆ ನಿಮಗೇನು ಕಷ್ಟ?

ಅಧ್ಯಕ್ಷರು ಸಿಇಒ ಮುಖ ನೋಡಿದರು. ಸಿಇಒ ಲ್ಯಾಪ್‌ಟಾಪ್ ನೋಡಿದರು.

ಅಧ್ಯಕ್ಷರು: ನೋಡು ತಾಯಿ, ಅವನು ನನ್ನ ಕ್ಲಾಸ್‌ಮೇಟು. ಒಂದೇ ಹಾಸ್ಟೆಲ್ಲು. ಅದೂ ಅಲ್ಲದೆ ಮುಂದಿನ ವಾರ ಅವನಿಗೆ ನಮ್ಮ ಸಂಘದಿಂದ ದೊಡ್ಡ ಪ್ರಶಸ್ತಿ ಇದೆ. ಪದಕ ಹಾಕೋ ಕೈಯಲ್ಲೇ ಬೆರಳು ತೋರಿಸೋಕಾಗುತ್ತಾ?

ಡಾಕ್ಟರಮ್ಮ: ಯಾವುದಕ್ಕೆ ಪ್ರಶಸ್ತಿ?

ಸಿಇಒ ಗಂಟಲು ಸರಿಮಾಡಿಕೊಂಡರು.

ಸಿಇಒ: ಸುರಕ್ಷಿತ ಆಸ್ಪತ್ರೆಗೆ.

ಕೋಣೆಗೆ ಬಂದ ಮೇಲೆ ಮೊದಲ ಸಲ ಡಾಕ್ಟರಮ್ಮ ನಕ್ಕರು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಡಾಕ್ಟರಮ್ಮ: ತಲೆಗೆ ಪೆಟ್ಟು ಬಿದ್ದ ನರ್ಸು ಇದಾಳಲ್ಲ ಸರ್, ಅವಳು ನನ್ನ ಬಿಡಿಸೋಕೆ ಓಡಿ ಬಂದವಳು. ಅವಳಷ್ಟಕ್ಕೆ ಒಳಗೇ ಇದ್ದಿದ್ರೆ ಏನೂ ಆಗ್ತಿರಲಿಲ್ಲ. ಇವತ್ತು ಬೆಳಿಗ್ಗೆ ಫೋನ್ ಮಾಡಿದ್ಲು. 'ಅಕ್ಕ, ನಾನು ವಾಪಸ್ ಬರೋ ಹೊತ್ತಿಗೆ ಬಾಗಿಲ ಹತ್ತಿರ ಯಾರಾದ್ರೂ ಇರ್ತಾರಾ' ಅಂತ ಕೇಳಿದ್ಲು. ನಾನು ಅವಳಿಗೆ ಏನಂತ ಹೇಳಲಿ?

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ನಿಜಕ್ಕೂ ಮನಸ್ಸು ಕರಗಿದಂತೆ ಕಂಡಿತು. ಸಿಇಒ ಕಡೆ ತಿರುಗಿ ಮೆಲ್ಲಗೆ ಹೇಳಿದರು.

ಅಧ್ಯಕ್ಷರು: ಕಳವಳದ ಹಿಂದೆ 'ತೀವ್ರ' ಅಂತ ಸೇರಿಸಿ.

ಡಾಕ್ಟರಮ್ಮ ಎದ್ದು ನಿಂತರು.

ಡಾಕ್ಟರಮ್ಮ: ಹೋಗಲಿ ಬಿಡಿ ಸರ್. ಕೆಳಗಿನ ಸಭಾಂಗಣ ಆದ್ರೂ ಕೊಡ್ತೀರಾ? ಸಂಜೆ ನಮ್ಮವರೆಲ್ಲ ಕೂತು ಮಾತಾಡಬೇಕು.

ಸಿಇಒ: ಖಂಡಿತ ಮೇಡಂ. ಸದಸ್ಯರಿಗೆ ಅಂತಾನೇ ಅಲ್ವಾ ಇರೋದು.

ಅಧ್ಯಕ್ಷರು: ಎಸಿ ಹಾಕಿಸಿ ಕೊಡಿ. ಧಾರಾಳವಾಗಿ ಮಾತಾಡ್ಕೊಳ್ಳಲಿ, ಪಾಪ.

ತಲೆನೋವು ಇಷ್ಟು ಅಗ್ಗಕ್ಕೆ ಹೋಯಿತಲ್ಲ ಅಂತ ಇಬ್ಬರಿಗೂ ಹಾಯೆನಿಸಿತು. ಸಂಜೆಯವರೆಗೆ ಕೂತು ಪದಕದ ರಿಬ್ಬನ್ನಿಗೆ ನೀಲಿಯೋ ಹಸಿರೋ ಅಂತ ಚರ್ಚೆ ಮಾಡಿದರು. ಅಷ್ಟರಲ್ಲಿ ಕೆಳಗೆ ಹೆಜ್ಜೆ ಸದ್ದು ಶುರುವಾಯಿತು. ನಿಲ್ಲಲೇ ಇಲ್ಲ. ಸಿಇಒ ಪರದೆ ಸರಿಸಿ ಇಣುಕಿದರು.

ಸಿಇಒ: ಸರ್, ಗೇಟಿನವರೆಗೂ ಜನ ನಿಂತಿದಾರೆ.

ಅಧ್ಯಕ್ಷರು: ಯಾರ ಜನ?

ಸಿಇಒ: ನಮ್ಮ ಸದಸ್ಯರೇ ಇರಬೇಕು. ಕೆಲವರ ಕೊರಳಲ್ಲಿ ಸ್ಟೆತೊಸ್ಕೋಪ್ ಇದೆ.

ಅಧ್ಯಕ್ಷರು: ವಾರ್ಷಿಕ ಸಭೆಗೆ ಕರೆದ್ರೆ ಒಂದು ನರಪಿಳ್ಳೇನೂ ಬರಲಿಲ್ಲ. ಬಾಡಿಗೆ ಕುರ್ಚಿಗಳಿಗೆ ಭಾಷಣ ಮಾಡಿದ್ದೆ. ಇರಲಿ, ಈಗ ನನ್ನನ್ನ ಕರೆದೇ ಕರೀತಾರೆ. ಬಾಚಣಿಗೆ ಇದೆಯೇನ್ರೀ?

ಬಾಚಣಿಗೆ ಸಿಕ್ಕಿತು. ತಲೆ ಬಾಚಿದ್ದೂ ಆಯಿತು. ಕರೆಯಲು ಯಾರೂ ಬರಲಿಲ್ಲ. ಕೆಳಗಿನಿಂದ ಜೋರು ಚಪ್ಪಾಳೆ ಕೇಳಿಸಿತು.

ಅಧ್ಯಕ್ಷರು: ಚಪ್ಪಾಳೆ ಯಾರಿಗೆ?

ಸಿಇಒ: ಗೊತ್ತಿಲ್ಲ ಸರ್. ನಾವಿಬ್ಬರೂ ಇಲ್ಲೇ ಇದೀವಲ್ಲ.

ಅಧ್ಯಕ್ಷರು: ಯಾಕ್ರೀ ನಿಮ್ಮ ಮುಖ ಹಾಗೆ ಬಿಳಿಚಿಕೊಂಡಿದೆ?

ಸಿಇಒ: ಸಂಘದ ನಿಯಮ ನೋಡ್ತಿದ್ದೆ. ಇಷ್ಟು ಸದಸ್ಯರು ಒಂದು ಕಡೆ ಸೇರಿ ಕೈ ಎತ್ತಿದ್ರೆ ನಾಯಕತ್ವ ತಂಡವನ್ನ ನಿಂತ ಕಾಲಲ್ಲೇ ತೆಗೆದುಹಾಕಬಹುದು.

ಅಧ್ಯಕ್ಷರು: ಅಂಥ ನಿಯಮ ಯಾವನು ಇಟ್ಟಿದ್ದು?

ಸಿಇಒ: ನೀವೇ ಸರ್. ಇಷ್ಟು ಜನ ಯಾವತ್ತೂ ಸೇರಲ್ಲ, ಇಟ್ಟುಬಿಡಿ, ಪ್ರಜಾಪ್ರಭುತ್ವ ಇದ್ದ ಹಾಗೆ ಕಾಣುತ್ತೆ ಅಂದಿದ್ರಿ.

ಅಧ್ಯಕ್ಷರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಡಾಕ್ಟರಮ್ಮ ಒಳಗೆ ಬಂದರು. ಸುಸ್ತಾಗಿದ್ದರು, ಆದರೆ ಮುಖ ಮೊದಲಿನ ಹಾಗೆ ಬಾಡಿರಲಿಲ್ಲ.

ಡಾಕ್ಟರಮ್ಮ: ಸಭಾಂಗಣ ಖಾಲಿ ಆಯ್ತು ಸರ್. ಹೇಳಿ ಹೋಗೋಣ ಅಂತ ಬಂದೆ.

ಅಧ್ಯಕ್ಷರು: ಏನು... ಏನು ತೀರ್ಮಾನ ಆಯ್ತಮ್ಮ?

ಡಾಕ್ಟರಮ್ಮ: ಎಲ್ಲರೂ ಸೇರಿ ಡೈರೆಕ್ಟರಿಗೇ ಫೋನ್ ಮಾಡಿದ್ವಿ. 'ಬಾಗಿಲಲ್ಲಿ ಕಾವಲು ಹಾಕೋ ತನಕ ತುರ್ತು ವಿಭಾಗಕ್ಕೆ ಬಂದ ರೋಗಿಗಳನ್ನ ನಿಮ್ಮ ಕೋಣೇಲೇ ನೋಡ್ತೀವಿ, ಅಲ್ಲಿ ಹೊರಗೆ ಇಬ್ಬರು ಕಾವಲಿನವರು ಇದಾರಲ್ಲ' ಅಂದ್ವಿ. 'ನೋಡೋಣ' ಅಂದ್ರು. 'ಸರಿ ಸರ್, ಡ್ಯೂಟೀಲಿದ್ದವರು ಮೊದಲನೇ ಸ್ಟ್ರೆಚರ್ ಲಿಫ್ಟ್ ಹತ್ತಿರ ತಂದಿದಾರೆ, ನಿಮ್ಮ ಮೇಜು ಖಾಲಿ ಮಾಡಿಸಿ' ಅಂದ್ವಿ. ಆಮೇಲೆ ಒಪ್ಪಿದ್ರು. ಇವತ್ತಿನಿಂದಲೇ ಅವರಿಬ್ಬರೂ ನಮ್ಮ ಬಾಗಿಲಿಗೆ. ಇನ್ನೂ ನಾಲ್ಕು ಜನ ನಾಳೆ ಬರ್ತಾರೆ. ಆ ನರ್ಸ್ ಹುಡುಗಿಗೂ ಹೇಳಿದೆ. ಅತ್ತುಬಿಟ್ಲು.

ಸಿಇಒ ಬೆರಳುಗಳು ಆಗಲೇ ಲ್ಯಾಪ್‌ಟಾಪಿನ ಮೇಲೆ ಓಡುತ್ತಿದ್ದವು.

ಸಿಇಒ: 'ಸಂಘದ ನಿರಂತರ ಪ್ರಯತ್ನದ ಫಲವಾಗಿ'... ಹೇಳಿ ಮೇಡಂ, ಹೇಳಿ, ಕೇಳಿಸ್ಕೊಳ್ತಿದೀನಿ.

ಅಧ್ಯಕ್ಷರು: ಅದಿರಲಿ. ನಮ್ಮ... ನಾಯಕತ್ವ ತಂಡದ ವಿಷಯ ಏನಾದ್ರೂ ಬಂತಾ?

ಡಾಕ್ಟರಮ್ಮ: ಬಂತು ಸರ್. ತೆಗೆದುಹಾಕಬೇಕು ಅಂತ ಒಬ್ಬರು ಎದ್ದು ನಿಂತು ಹೇಳಿದ್ರು.

ಸಿಇಒ ಬೆರಳುಗಳು ನಿಂತವು.

ಅಧ್ಯಕ್ಷರು: ಆಮೇಲೆ?

ಡಾಕ್ಟರಮ್ಮ: ಯಾರನ್ನ ಅಂತ ಇನ್ನೊಬ್ಬರು ಕೇಳಿದ್ರು. ಎದ್ದವರಿಗೆ ಹೆಸರು ನೆನಪಾಗಲಿಲ್ಲ. ಪಕ್ಕದವರನ್ನ ಕೇಳಿದ್ರು, ಅವರಿಗೂ ಗೊತ್ತಿರಲಿಲ್ಲ. ಅಂಥ ತಂಡ ಒಂದಿದೆಯಾ ಅಂತಾನೇ ಕೆಲವರು ಕೇಳಿದ್ರು. ಡ್ಯೂಟಿಗೆ ಹೊತ್ತಾಗಿತ್ತು, ಹಾಗೇ ಎದ್ದು ಹೊರಟುಬಿಟ್ರು. ನಾನೂ ಬರ್ತೀನಿ ಸರ್.

ಡಾಕ್ಟರಮ್ಮ ಮೆಟ್ಟಿಲಿಳಿದು ಹೋದರು. ಅಧ್ಯಕ್ಷರು ಗೋಡೆ ನೋಡುತ್ತಾ ಕೂತಿದ್ದರು. ನಿಧಾನಕ್ಕೆ ಮುಖದ ಗಂಟು ಸಡಿಲವಾಯಿತು.

ಅಧ್ಯಕ್ಷರು: ಅಂದ್ರೆ, ನಮ್ಮ ವಿರುದ್ಧ ಯಾರೂ ಕೈ ಎತ್ತಲಿಲ್ಲ.

ಸಿಇಒ: ಒಬ್ಬರೂ ಇಲ್ಲ ಸರ್.

ಅಧ್ಯಕ್ಷರು: ಹಾಗಾದ್ರೆ ಅದನ್ನೂ ಹಾಕಿ. ಕಿಕ್ಕಿರಿದ ಸಭೆಯಲ್ಲಿ ನಾಯಕತ್ವ ತಂಡ ಅವಿರೋಧವಾಗಿ ಮುಂದುವರಿಕೆ.