ಮಂಡಿ ಲಟಕ್ ಅಂದಾಗ

ಬೇರೆ ಕೆಲಸದವರಿಗೆ ಅರವತ್ತಕ್ಕೆ ಬರೋ ಮುಪ್ಪು, ಫುಟ್‌ಬಾಲ್ ಆಡಿ ಹೊಟ್ಟೆ ಹೊರೆಯೋ ನನ್ನಂಥವನಿಗೆ ಮೂವತ್ತಾರಕ್ಕೇ ಬಂದುಬಿಡುತ್ತೆ. ಬಂದ ಮೇಲೆ ಸುಮ್ಮನಿರುತ್ತಾ? ದಿನಕ್ಕೊಂದು ತಮಾಷೆ ಮಾಡುತ್ತೆ. ಈ ಸಲ ರಜೆಗೆ ಅರಸೀಕೆರೆಗೆ ಬಂದಿದ್ದಾಗ ನಮ್ಮ ಬೆಂಗಳೂರಿನ ಕ್ಲಬ್ಬಿನ ಕೋಚ್ ಫೋನ್ ಮಾಡಿದ್ರು. ಮುಂದಿನ ವಾರ ಬೇಲೂರಿನಲ್ಲಿ ಪ್ರದರ್ಶನ ಪಂದ್ಯ ಇದೆ, ನಿಮ್ಮ ಆಟ ನೋಡಿ ಇನ್ನೊಂದು ವರ್ಷ ಇಟ್ಟುಕೊಳ್ಳೋದೋ ಬೇಡವೋ ಅಲ್ಲೇ ಹೇಳ್ತೀನಿ ಅಂದ್ರು. ಕೋಚ್ ನನಗಿಂತ ಚಿಕ್ಕವರು.

ಓಡದೇ ಹಿಡಿದ ಬಸ್ಸು

ಗಂಡಸಿ ಊರಿನಲ್ಲಿರೋ ಮಾವನ ಮನೆಗೆ ಹೊರಟರೆ ಬಸ್ಸು ಆಗಲೇ ಸ್ಟ್ಯಾಂಡ್ ಬಿಡ್ತಿತ್ತು. ಮೇಷ್ಟ್ರೊಬ್ಬರು ಬ್ಯಾಗು ಹಿಡಿದು ಅದರ ಹಿಂದೆ ಓಡಿದ್ರು. ನಾನು ಅಡ್ಡದಾರಿಯಲ್ಲಿ ನಡೆದು, ಬಸ್ಸು ನಿಧಾನ ಮಾಡೋ ಹಂಪ್ ಹತ್ತಿರ ನಿಂತು ಹತ್ತಿದೆ. ಮೈದಾನದಲ್ಲೂ ಈಗ ನನ್ನ ಆಟ ಇಷ್ಟೇ: ಚೆಂಡಿನ ಹಿಂದೆ ಹೋಗೋದಿಲ್ಲ, ಅದು ಬರೋ ಜಾಗಕ್ಕೆ ಮೊದಲೇ ಹೋಗಿರ್ತೀನಿ. ಇಪ್ಪತ್ತರಲ್ಲಿ ಕಾಲಲ್ಲಿದ್ದ ವೇಗ ಅದ್ಯಾವಾಗ ತಲೆಗೆ ಹತ್ತಿತೋ, ನನಗೂ ಆಶ್ಚರ್ಯ. ಇದನ್ನೆಲ್ಲ ಕಂಡಕ್ಟರಿಗೆ ಹೆಮ್ಮೆಯಿಂದ ವಿವರಿಸಿದೆ.

"ಅಂಗೆ ನಿಂತ್ಕಂಡೇ ಆಡೋದಾದ್ರೆ, ಸರ್ಕಲ್‌ನಲ್ಲಿ ಅರ್ಧ ಊರೇ ಆಡ್ತೈತೆ ಬಿಡಿ ಸಾ" ಅಂದ.

ಮಾವನ ಪರೀಕ್ಷೆ

ಮಾವ ಕೊಬ್ಬರಿ ವ್ಯಾಪಾರದವರು. ನಮ್ಮ ಕಡೆ ತೆಂಗಿನಕಾಯಿ ಅಟ್ಟಕ್ಕೆ ಹಾಕಿದರೆ ಒಂದು ವರ್ಷ ಯಾರೂ ಮುಟ್ಟೋದಿಲ್ಲ. ಒಳಗಿನ ನೀರು ಆರಿ, ಕಿವಿ ಹತ್ತಿರ ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಕೊಬ್ಬರಿ ಆಯ್ತು ಅಂತ. ಊಟಕ್ಕೆ ನೆಲದ ಮೇಲೆ ಕೂರೋವಾಗ ನನ್ನ ಮಂಡಿ ಲಟಕ್ ಅಂತು. ಮಾವ ಮುದ್ದೆ ಮುರಿಯೋದು ನಿಲ್ಲಿಸಿ, ಇನ್ನೊಂದು ಸಲ ಎದ್ದು ಕೂತ್ಕೊಳ್ಳಿ ಅಂದ್ರು. ಕೂತೆ. ಮತ್ತೆ ಲಟಕ್. ಅವರ ಮುಖ ಅರಳಿತು. ಮಂಡಿ ಹೀಗೆ ಸದ್ದು ಮಾಡಿದರೆ ಕ್ಲಬ್ಬಿನವರು ನಮ್ಮನ್ನ ಮನೆಗೆ ಕಳಿಸ್ತಾರೆ, ಆಟ ಬಿಟ್ಟರೆ ನನಗೆ ಬೇರೇನೂ ಬರೋದಿಲ್ಲ, ಭಯ ಆಗ್ತಿದೆ ಅಂದೆ.

"ಇದ್ಯಾವ ಸೀಮೆ ವ್ಯಾಪಾರ ಅಳಿಯಂದ್ರೆ? ಸದ್ದು ಬಂದ್ಮೇಲೇ ಅಲ್ವಾ ರೇಟು ಬರೋದು!"

ಬೇಲೂರಿನ ಮ್ಯಾಚು

ಹುಟ್ಟಿದಾಗಿನಿಂದ ಫುಟ್‌ಬಾಲ್ ನೋಡದ ಮಾವ, ಪಂದ್ಯಕ್ಕೆ ಬಂದೇಬಿಟ್ರು. ನಾನು ಓಡಿದ್ದು ಕಮ್ಮಿ, ನಿಂತಿದ್ದು ಜಾಸ್ತಿ. ನಿಂತಲ್ಲಿಂದಲೇ ಚೆಂಡು ದಾಟಿಸಿ ಒಂದು ಗೋಲ್ ಹೊಡೆಸಿದೆ. ಆಮೇಲೆ ಎದುರಾಳಿಯೊಬ್ಬ ನನ್ನ ಪಕ್ಕದಲ್ಲೇ ನುಗ್ಗಿದ. ನಾನು ತಿರುಗೋ ಹೊತ್ತಿಗೆ ಗೋಲ್ ಹೊಡೆದು ಕುಣೀತಿದ್ದ. ಮುಗೀತು ನನ್ನ ಕಥೆ ಅಂದುಕೊಂಡೆ.

ಆಟ ಮುಗಿದ ಮೇಲೆ ನೋಡಿದರೆ, ಮಾವ ಕೋಚ್ ಪಕ್ಕ ಕೂತು ಕೈ ಆಡಿಸ್ತಾ ಏನೋ ಹೇಳ್ತಿದ್ದಾರೆ. ನಾಚಿಕೆಯಿಂದ ಸತ್ತೆ. ಆದರೆ ಕೋಚ್ ನಗುತ್ತಾ ಬಂದು, ಇನ್ನೊಂದು ವರ್ಷ ಇರಿ ಅಣ್ಣ ಅಂದ್ರು. ಕಣ್ಣಲ್ಲಿ ನೀರೇ ಬಂತು. ಮಾವನ ಕಾಲಿಗೆ ಬೀಳೋಕೆ ಬಗ್ಗಿದೆ, ಮಂಡಿ ಲಟಕ್ ಅಂತು. ಅದೇನು ಹೇಳಿದ್ರಿ ಅಂತ ಕೇಳಿದೆ.

"ಇದ್ದದ್ದೇ ಹೇಳ್ದೆ ಕಣ್ರೀ. ಮಾಲು ಚೆನ್ನಾಗೈತೆ, ಇನ್ನೊಂದು ವರ್ಷ ಮುಟ್ಟದಂಗೆ ಅಟ್ಟದ ಮೇಲೆ ಇಟ್ಟಿರಿ ಅಂದೆ."

ಕೋಚ್ ಅದನ್ನ ಅಕ್ಷರಶಃ ಪಾಲಿಸ್ತಿದ್ದಾರೆ. ಪ್ರತಿ ಮ್ಯಾಚಿಗೂ ಕರೆದುಕೊಂಡು ಹೋಗಿ ನನ್ನನ್ನ ಬೆಂಚಿನ ಮೇಲೆ ಕೂರಿಸ್ತಾರೆ, ಮ್ಯಾಚು ಮುಗಿಯೋವರೆಗೂ ಯಾರೂ ಮುಟ್ಟೋದಿಲ್ಲ. ಮಾವ ಮಾತ್ರ ಭಾನುವಾರ ತಪ್ಪದೇ ಫೋನ್ ಮಾಡಿ ವಿಚಾರಿಸ್ತಾರೆ: "ಸದ್ದು ಹೆಂಗೈತೆ ಅಳಿಯಂದ್ರೆ?"